ಗಾಳಿಸಿದ ನೀರು

ಕಾಮಣ್ಣನ ಬಾಯಿ ಉಳ್ಳಾಗಡ್ಡಿ ನಾರುತ್ತಿತ್ತು. ಮೇಲೆ ಹಸಿ ಉಳ್ಳಾಗಡ್ಡಿ, ಅದರ ಕೆಳಗೆ ತಂಬಾಕು, ಅದರ ಕೆಳಗೆ ಎಷ್ಟೋ ವರ್ಷದಿಂದ ಕೀಳಿಸದೆ ಬಿಟ್ಟ ಹುಳುಕು ಹಲ್ಲು. ಎಲ್ಲವೂ ಒಂದರ ಹಿಂದೊಂದು ವೃಷಭನ ಮೂಗಿಗೆ ಬಂದು ಬಡಿದವು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಬಾಯಿ ಅಗಲಿಸಿ, ಎದುರಿಗಿದ್ದವನ ಮುಖದ ಮೇಲೆ ಉಸಿರು ಬಿಡಬೇಕು. ಅವನು ಅದನ್ನು ಮೂಸಿ, ಸಾರಾಯಿ ವಾಸನೆ ಇಲ್ಲ ಎನ್ನಬೇಕು. ಆಮೇಲೆ ತನ್ನ ಬಾಯಿ ತೆರೆಯಬೇಕು. ಕುಡಿತ ಬಿಡಬೇಕೆಂದು ಸೋಮವಾರಕ್ಕೊಮ್ಮೆ ಬನಹಟ್ಟಿಯ ಈ ಮಗ್ಗದ ಮನೆಯಲ್ಲಿ ಸೇರುವ ಮಂಡಳಿಯಲ್ಲಿ ಮಾತು ಶುರುವಾಗುವ ಮುನ್ನ ನಡೆಯಲೇಬೇಕಾದ ಶಾಸ್ತ್ರ ಇದು. ಉಸಿರು ಬಿಗಿಹಿಡಿದು ಮೂಸಿದಂತೆ ನಟಿಸಿಬಿಡೋಣವೆಂದು ವೃಷಭ ಬರುವಾಗಲೇ ಅಂದುಕೊಂಡಿದ್ದ. ಆದರೆ ಕಾಮಣ್ಣ ಅವನ ಮೂಗನ್ನೇ ನೋಡುತ್ತಿದ್ದ. ವೃಷಭ ಮೂಸಿದ. ಕಣ್ಣಲ್ಲಿ ನೀರಾಡಿತು. ಇಲ್ಲ ಎಂದ. ವೃಷಭ ತನ್ನ ಸರದಿಗೆ ಬಾಯಿ ತೆರೆದಾಗ ಕಾಮಣ್ಣ ಮಾತ್ರ ಹೂವು ಮೂಸುವವನ ಹಾಗೆ ಕಣ್ಣು ಮುಚ್ಚಿ, ಸಾವಕಾಶವಾಗಿ ಉಸಿರೆಳೆದು, ಸಾವಕಾರರ ಬಾಯಲ್ಲಿ ಏನೂ ಇಲ್ಲ, ಖರೇನ ಏನೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆ ಮೆಚ್ಚುಗೆ ಉಳ್ಳಾಗಡ್ಡಿಯ ನಾತಕ್ಕಿಂತ ಅಸಹ್ಯವಾಗಿತ್ತು.

ಬೇಸಿಗೆಯ ಇಳಿಹೊತ್ತು. ಸೋಮವಾರ ನೇಕಾರರಿಗೆ ಬಿಡುವಿನ ದಿನವಾದ್ದರಿಂದ ಕುಣಿಮಗ್ಗಗಳು ಸುಮ್ಮನಿದ್ದವು. ಮೂಲೆಯ ಹರಿವಿಯಲ್ಲಿ ಹಾಸಿನ ನೂಲಿಗೆ ಹಾಕುವ ಗಂಜಿ ಹುಳಿತು ಬುರುಗು ಕಟ್ಟಿತ್ತು. ಆ ಹುಳಿವಾಸನೆ ಕುಡಿತದ ವಾಸನೆಯ ತಮ್ಮನಂತೆ ಮನೆ ತುಂಬ ಓಡಾಡುತ್ತಿದ್ದರೂ ಅಲ್ಲಿ ಕೂತವರು ಯಾರಿಗೂ ಅದರ ಗೊಡವೆ ಇದ್ದಂತಿರಲಿಲ್ಲ. ಮನೆಯ ಯಜಮಾನ ಗಿರಮಲ್ಲಪ್ಪ, ಕುರಿ ಬಿಟ್ಟು ಮಗ್ಗ ಹಿಡಿದವನು, ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಷಿಣ ಬಡಿದುಕೊಂಡು ಗೋಡೆಗೆ ಒರಗಿದ್ದ. ಸಂಸ್ಥಾನಗಳು ಹೋಗಿ ಮುಂಬೈ ಸರ್ಕಾರದ ನಶಾಬಂದಿ ಕಾಯ್ದೆ ಬಂದು ಕುಡಿತ ಅಪರಾಧವಾದ ಮೇಲೆ ಪೊಲೀಸರು ಸಂತೆಯ ನಡುವೆಯೇ ಜನರನ್ನು ನಿಲ್ಲಿಸಿ ಬಾಯಿ ಮೂಸುತ್ತಿದ್ದರು. ಗಿರಮಲ್ಲಪ್ಪನನ್ನೂ ಒಮ್ಮೆ ಹೆಂಡತಿ ಮಕ್ಕಳ ಎದುರಿಗೇ ಗದ್ದ ಎತ್ತಿ ಮೂಸಿದ್ದರಂತೆ. ದನದ ಹಲ್ಲು ನೋಡುವ ಹಾಗೆ ಪರರು ಮೂಸುವುದಕ್ಕಿಂತ ನಮ್ಮ ಬಾಯಿ ನಾವೇ ಮೂಸಿಕೊಳ್ಳುವುದು ಮೇಲು ಎಂದು ಅವನು ಈ ಪದ್ಧತಿ ಹಾಕಿದ್ದ. ವಾಸನೆ ಬಂದವನನ್ನು ಇಲ್ಲಿ ಬೈಯುವುದಿಲ್ಲ, ಹೊರಗೆ ಹಾಕುವುದೂ ಇಲ್ಲ, ನಡುವೆ ಕೂಡಿಸಿಕೊಳ್ಳುತ್ತಾರೆ. ಮೊದಲ ವಾರ ಇದನ್ನು ಕೇಳಿದಾಗ ವೃಷಭನಿಗೆ ವಾಂತಿಯೇ ಬಂದಂತಾಗಿತ್ತು. ಹುಟ್ಟಿದಾಗಿನಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಲಗೆಗೆ ಸೋಕಿಸದ ಜೈನರ ಮನೆಯ ಮಗ ಅವನು. ಎಂಟು ವರ್ಷ ಸಾರಾಯಿ ಕುಡಿದ ಬಾಯಿ ಉಳ್ಳಾಗಡ್ಡಿಗೆ ಹೇಸುತ್ತದಲ್ಲ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದ ಹೇಸಿಕೆಯೇನೂ ಕಡಿಮೆಯಾಗಲಿಲ್ಲ, ಅದರ ಜೊತೆಗೆ ತನ್ನ ಮೇಲಿನದೂ ಒಂದು ಕೂಡಿಕೊಂಡಿತು, ಅಷ್ಟೆ.

ಎದುರಿನ ಸಾಲಿನ ಕೊನೆಗೆ ಹೊಳೆವ್ವ ಕೂತಿದ್ದಳು. ಮಂಡಳಿಯಲ್ಲಿ ಅವಳೊಬ್ಬಳೇ ಹೆಂಗಸು. ಊರಾಚೆಯ ಹಳ್ಳದ ಸರುವಿನ ತಗ್ಗಿನಲ್ಲಿ ಬೆಲ್ಲ, ಜಾಲಿ ತೊಗಟೆ ಕೊಳೆಹಾಕಿ ಭಟ್ಟಿ ಇಳಿಸುತ್ತಿದ್ದವಳು. ಮಾರುತ್ತ ಮಾರುತ್ತ ತಾನೂ ಕುಡಿದು, ಜಮಖಂಡಿಯ ಕೋರ್ಟಿನ ಕಟ್ಟೆಯ ಮೇಲೆ ಅಂಗಾತ ಬಿದ್ದು, ಈಗ ಮಾರುವುದನ್ನೂ ಕುಡಿಯುವುದನ್ನೂ ಬಿಟ್ಟು ಇಲ್ಲಿ ಬಂದು ಕಣ್ಣು ಕೆಳಗೆ ಮಾಡಿ ಕೂಡುತ್ತಿದ್ದಳು. ಮಂಡಳಿಯಲ್ಲಿ ವೃಷಭ ಅಂಜುತ್ತಿದ್ದುದು ಇವಳೊಬ್ಬಳಿಗೇ. ಅವಳ ಗುಡಿಸಲ ಹಿಂದಿನ ಚಪ್ಪಡಿಯ ಮೇಲೆ ಅವನು ಕೂತಿದ್ದ ಎಷ್ಟು ಸಂಜೆಗಳೋ. ಉಳಿದವರು ಗುಡಿಸಲ ಮುಂದೆ ಕೂತು ಕೊಟ್ಟದ್ದನ್ನು ಕೊಟ್ಟ ಹಾಗೆ ಗಂಟಲಿಗೆ ಸುರುವಿಕೊಳ್ಳುತ್ತಿದ್ದರು. ವೃಷಭ ಮಾತ್ರ ಅವರ ಕಣ್ಣಿಗೆ ಬೀಳದಂತೆ ಅಂಗಿಯ ಒಳಜೇಬಿನಿಂದ ಬಿಳಿಯ ದಪ್ಪ ಬಟ್ಟೆ ತೆಗೆದು, ಎರಡು ಪದರು ಮಡಿಸಿ, ತಂಬಿಗೆಯ ಬಾಯಿಗೆ ಹೊದಿಸಿ, ಅದರ ಮೇಲೆ ಸಾರಾಯಿ ಹೊಯ್ಯಿಸಿಕೊಳ್ಳುತ್ತಿದ್ದ. ಬಟ್ಟೆಯಲ್ಲಿ ಸೋಸಿ ಗಾಳಿಸದ ನೀರು ಅವನ ಮನೆತನದಲ್ಲಿ ಯಾರೂ ಕುಡಿದಿರಲಿಲ್ಲ. ಕಣ್ಣಿಗೆ ಕಾಣದ ಜೀವ ಹೊಟ್ಟೆಗೆ ಹೋದರೆ ಹಿಂಸೆ. ಸಾರಾಯಿಯಲ್ಲೂ ನೀರೇ ತಾನೇ ಇರುವುದು ಎಂದು ಅವನ ತಲೆ ಒಂದು ದಿನ ವಾದ ಹೂಡಿತ್ತು, ಅಂದಿನಿಂದ ಗಾಳಿಸದೆ ಒಂದು ಗುಟುಕೂ ಕುಡಿದವನಲ್ಲ. ಮನೆಯಲ್ಲಿ ಬಟ್ಟೆಗೆ ಸಿಕ್ಕ ಜೀವಗಳನ್ನು ಬಾವಿಗೆ ಮರಳಿ ಬಿಡುವ ಹಾಗೆ, ಇಲ್ಲಿ ಉಳಿದದ್ದನ್ನು ಹೊಳೆವ್ವನ ಗಡಿಗೆಯಲ್ಲೇ ಜಾಲಾಡಿ ಬಿಡುತ್ತಿದ್ದ. ಅದನ್ನೇ ಅವಳು ಮುಂದಿನವನಿಗೆ ಕೊಡುತ್ತಿದ್ದಳು. ಅವಳಿಗೆ ಇದನ್ನು ನೋಡುವುದೆಂದರೆ ಬಯಲಾಟ ನೋಡಿದಷ್ಟು ಖುಷಿ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಬಟ್ಟೆ ಮನೆಯದು. ತಾಯಿ ಬಾಳವ್ವ ನೀರು ಗಾಳಿಸುವ ಬಟ್ಟೆಯನ್ನೇ ಹರಿದು ಒಂದು ತುಂಡು ಮಾಡಿಕೊಂಡಿದ್ದ. ಆದರೆ ನಿಶೆಗೆ ತುಂಡು ಯಾವುದು, ಇಡೀ ಯಾವುದು ಎಂಬ ವಿವೇಕ ಎಲ್ಲಿಯದು. ಒಂದು ಮುಂಜಾನೆ ಅವನ ಜೇಬಿನ ತುಂಡು ಹಗ್ಗದ ಮೇಲೆ ಅವಳ ಬಟ್ಟೆಯ ಪಕ್ಕದಲ್ಲೇ ಒಣಗುತ್ತಿತ್ತು. ತಾಯಿ ಅದನ್ನೇ ಕೊಡಕ್ಕೆ ಕಟ್ಟಿ ನೀರು ಗಾಳಿಸಿದಳು, ಅದೇ ನೀರಿನಲ್ಲಿ ಅಡುಗೆ ಮಾಡಿದಳು, ಬಸದಿಗೂ ಒಯ್ದಳು, ಕುಡಿದಳು. ಎಷ್ಟು ದಿನ ಹಾಗೆ ನಡೆಯಿತೋ. ಗೊತ್ತಾದ ದಿನ ವೃಷಭ ಹಾಸಿಗೆಯಲ್ಲಿದ್ದ. ಬಚ್ಚಲ ಬಾಗಿಲಲ್ಲಿ ತಾಯಿ ಬಟ್ಟೆಯನ್ನು ಮೂಗಿಗೆ ಹಿಡಿದು ನಿಂತಿದ್ದಳು. ತೆಗೆದಳು, ಮತ್ತೆ ಹಿಡಿದಳು, ಒಲೆಯ ಹತ್ತಿರ ಹೋಗಿ ಬೆಳಕಿಗೆ ಅಗಲಿಸಿ ನೋಡಿದಳು. ಮೂವತ್ತು ವರ್ಷದಿಂದ ವ್ರತ ಹಿಡಿದು ಒಣಗಿದ ಆ ಮುದುಕಿಯ ಮೈ ಒಮ್ಮೆಲೆ ಬಗ್ಗಿತು, ಬಚ್ಚಲಲ್ಲಿ ಕೂತು ಕಕ್ಕಿದಳು. ಬರೀ ನೀರು. ಬೆರಳು ಗಂಟಲಿಗೆ ಹಾಕಿ ಹಾಕಿ ಕಕ್ಕಿದಳು. ಆ ಸಪ್ಪಳ ಕೇಳುತ್ತ ಅವನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಲಗಿದ್ದ. ಏಳಬಹುದಿತ್ತು. ಬೆನ್ನು ಸವರಬಹುದಿತ್ತು. ಅವನು ಮಾಡಿದ್ದೆಂದರೆ ಗೊರಕೆಯನ್ನು ಇನ್ನಷ್ಟು ಸಹಜವಾಗಿ ಹೊಡೆಯಲು ನೋಡಿದ್ದು.

ಅವಳು ಬೈದಿದ್ದರೆ ಚಲೋ ಆಗುತ್ತಿತ್ತು. ಬೈಯಲಿಲ್ಲ. ಉಪವಾಸ ಮಾಡಿದಳು, ಬಸದಿಗೆ ಹೋಗಿ ಪ್ರಾಯಶ್ಚಿತ್ತ ಕೇಳಿ ಬಂದಳು, ಆಮೇಲೆ ಮನೆಯ ನೀರು ಬಿಟ್ಟಳು. ಅಡುಗೆಗೂ ಕುಡಿಯುವುದಕ್ಕೂ ಬಸದಿಯ ಬಾವಿಯಿಂದ ತಾನೇ ಸೇದಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು, ದಾರಿಯಲ್ಲಿ ಕಟ್ಟೆ ಸಿಕ್ಕಲ್ಲಿ ಕೂತೇಳುತ್ತ ಬರುತ್ತಿದ್ದಳು. ಕೊಡ ನಾನು ಹೊರುತ್ತೇನೆ ಎಂದು ಒಮ್ಮೆ ಕೈ ನೀಡಿದ್ದಕ್ಕೆ ಆ ಕೊಡದ ನೀರನ್ನೆಲ್ಲ ಬೀದಿಯಲ್ಲಿ ಚೆಲ್ಲಿ ಮತ್ತೆ ಬಾವಿಯ ಕಡೆ ತಿರುಗಿದಳು. ನೂಲಿನ ಅಂಗಡಿಯ ಸಾವಕಾರನ ತಾಯಿ ನೀರು ಹೊರುವುದನ್ನು ರಬಕವಿಯ ಜನ ನೋಡಿದರು; ಏಕೆಂದು ಕೇಳುವ ಅಗತ್ಯವಿರಲಿಲ್ಲ. ಹೆಂಡತಿ ಹೀರಾ ತೇರದಾಳದ ತವರಿಗೆ ಹೋಗಿ ಕೂತು ವರ್ಷವಾಗುತ್ತ ಬಂದಿತ್ತು, ಅದು ಅವನಿಗೆ ಇಷ್ಟು ಚುಚ್ಚಿರಲಿಲ್ಲ, ಚುಚ್ಚಲಿಲ್ಲವಲ್ಲ ಎಂಬುದೇ ಆಗೀಗ ಚುಚ್ಚುತ್ತಿತ್ತು. ತಾಯಿ ಸಾಯುವ ಮುನ್ನ ಒಮ್ಮೆ ತನ್ನ ಕೈಯಿಂದ ನೀರು ತೆಗೆದುಕೊಂಡು ಕುಡಿಯಬೇಕು, ಅವನಿಗೆ ಬೇಕಿದ್ದುದು ಇಷ್ಟೇ. ಇನ್ನು ಕುಡಿಯುವುದಿಲ್ಲವೆಂದು ಬಸದಿಯಲ್ಲಿ ಹಿಂದೆ ಎಷ್ಟೋ ಸಲ ನೇಮ ಹಿಡಿದಿದ್ದ, ಮುರಿದಿದ್ದ, ಮುರಿದದ್ದಕ್ಕೆ ಹೇಳಿದ್ದನ್ನು ಮಾಡಿ ಮತ್ತೆ ಹಿಡಿದಿದ್ದ; ಬರಬರುತ್ತ ಅದೂ ಕುಡಿತದ ಒಂದು ಭಾಗವೇ ಆಗಿತ್ತು. ಅಂಥದರಲ್ಲಿ ಹಳ್ಳದ ಸರುವಿನ ಹಳೆಯ ಗೆಳೆಯ ಕಾಮಣ್ಣ ಅಂಗಡಿಗೆ ನೂಲಿಗೆಂದು ಬಂದ. ಕೈ ನಡುಗುತ್ತಿರಲಿಲ್ಲ, ಕಣ್ಣು ಬೆಳ್ಳಗಿದ್ದವು. ನಮ್ಮಲ್ಲಿ ಸೋಮವಾರ ಬರ್ರಿ, ಬಂದು ಬರೇ ಕೂಡ್ರಿ ಎಂದು ಕರೆದ. ಅವನಂಥವನೇ ಬಿಟ್ಟನೆಂದರೆ ತನಗೇನು ಎಂಬ ಸೊಕ್ಕಿನಿಂದಲೇ ವೃಷಭ ಬಂದದ್ದು.

ಬಂದು ಕೂತು ಕೇಳಿದ್ದು ಬೇರೆ ಥರದ ಹೊಲಸು. ಗಿರಮಲ್ಲಪ್ಪ ತಾನು ಕುಡಿದು ಮಲಗಿದ್ದಾಗ ಹಟ್ಟಿಗೆ ತೋಳ ನುಗ್ಗಿ ಮರಿಗಳನ್ನು ಹರಿದದ್ದನ್ನು, ಎಚ್ಚರಾದಾಗ ತನ್ನ ಕೈ ಮರಿಯ ಕರುಳಿನಲ್ಲಿ ಇದ್ದದ್ದನ್ನು ಪ್ರತಿ ವಾರವೂ ಅದೇ ಮಾತಿನಲ್ಲಿ ಹೇಳುತ್ತಿದ್ದ, ಕರುಳು ಎಂಬಲ್ಲಿ ಅದೇ ರೀತಿ ನಿಲ್ಲುತ್ತಿದ್ದ, ಅಲ್ಲಿಗೆ ಬಂದಾಗ ಎಲ್ಲರೂ ಅದೇ ರೀತಿ ತಲೆ ಅಲ್ಲಾಡಿಸುತ್ತಿದ್ದರು. ಇನ್ನೊಬ್ಬನು ತಂದೆಯ ಮುಖಕ್ಕೆ ಉಗುಳಿದ್ದು, ಮತ್ತೊಬ್ಬನು ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡು ಮಗಳಿಂದ ತೊಳೆಸಿಕೊಂಡದ್ದು. ಹುಣ್ಣು ಕೆರೆದು ಕೆರೆದು ಸುಖಪಡುವವರು ಎನ್ನಿಸಿತ್ತು. ಆದರೆ ಅಲ್ಲಿಂದ ಎದ್ದು ಹೋದ ಸೋಮವಾರಗಳಲ್ಲಿ ಅವನು ಹಳ್ಳದ ಕಡೆ ತಿರುಗಿರಲಿಲ್ಲ, ಮುಂದೆ ಇಡೀ ವಾರವೂ ತಿರುಗಿರಲಿಲ್ಲ. ಹೇಗೆ ಎಂದು ಅವನಿಗೇ ತಿಳಿಯಲಿಲ್ಲ. ಮೊದಮೊದಲು ಬರೀ ಕೇಳಬಹುದು, ಆಮೇಲೆ ಒಂದು ದಿನ ತನ್ನದನ್ನು ಹೇಳಲೇಬೇಕು, ಹೇಳದವನು ಬಹಳ ದಿನ ತಡೆಯುವುದಿಲ್ಲ ಎಂದು ಗಿರಮಲ್ಲಪ್ಪ ಕಳೆದ ಸಲವೇ ಹೇಳಿದ್ದ. ಆ ಒಂದು ದಿನ ಇವತ್ತು.

ವೃಷಭ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮುಧೋಳದ ಪೇಟೆಗೆ ನೂಲಿನ ವ್ಯವಹಾರಕ್ಕೆಂದು ಹೋಗಿ, ಕುಡಿದು, ಗಟಾರದಲ್ಲಿ ಬಿದ್ದದ್ದು, ಹಂದಿ ಬಂದು ಮುಖ ನೆಕ್ಕಿದ್ದು. ಹೇಳುತ್ತಿರುವಾಗಲೇ ಮಾತು ಚೆನ್ನಾಗಿ ಬರುತ್ತಿದೆ ಎನ್ನಿಸಿತು. ಹಂದಿಯ ಮೂತಿ ತಣ್ಣಗಿತ್ತು ಎಂದೂ ಸೇರಿಸಿದ. ಅವನು ಯಾವ ಗಟಾರದಲ್ಲೂ ಬಿದ್ದವನಲ್ಲ. ಬಿದ್ದವನು ಸಾವಳಗಿಯ ಕಡೆಯ ಒಬ್ಬ ವ್ಯಾಪಾರಿ, ಅವನ ಕಥೆಯನ್ನು ಇವನು ಬಸ್ಸಿನಲ್ಲಿ ಕೇಳಿದ್ದ. ಇಲ್ಲಿಯವರಿಗೆ ಹೊಲಸು ಬೇಕು ತಾನೇ, ತಕ್ಕೊಳ್ಳಲಿ ಎಂದು ಒಂದು ಹಂದಿಯನ್ನು ಎಸೆದಿದ್ದ. ಕಾಮಣ್ಣ ಚ್ ಚ್ ಎಂದ. ಆಗ ಹೊಳೆವ್ವ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ನಗೆ ಇರಲಿಲ್ಲ.

“ಖರೇದು ಹೇಳ್ರಿ ಅಣ್ಣಾರ,” ಎಂದಳು. “ನಾ ಹೇಳಂಗಿಲ್ಲ. ನೀವ ಹೇಳಬೇಕು.”

ಎದ್ದು ಹೋಗಬಹುದು ಎಂದು ವೃಷಭನಿಗೆ ಹೊಳೆಯಿತು. ಬಾಗಿಲು ದಾಟಿದರೆ ಬೀದಿ, ಬೀದಿಯ ತುದಿಗೆ ಹಳ್ಳ, ಹೊಳೆವ್ವ ಬಿಟ್ಟ ಸರುವಿನಲ್ಲಿ ಈಗ ಇನ್ನಾರೋ ಭಟ್ಟಿ ಹೂಡಿದ್ದಾರೆ. ತನ್ನ ಕಾಲಿಗೆ ದಾರಿ ಗೊತ್ತು. ಅಲ್ಲಿ ಯಾರೂ ಖರೇದು ಕೇಳುವುದಿಲ್ಲ. ಬಾಯಲ್ಲಿ ನೀರು ಊರಿತು, ಆ ನೀರು ಊರಿದ್ದಕ್ಕೆ ಅವನಿಗೆ ತನ್ನ ಬಾಯಿಯ ಮೇಲೆಯೇ ಹೇವರಿಕೆಯಾಯಿತು. ಮಾತು ತಾನಾಗಿ ಹೊರಗೆ ಬಿತ್ತು. ಬಟ್ಟೆಯ ಮಾತು. ಮಡಿಸುವುದು, ಗಾಳಿಸುವುದು, ಜಾಲಾಡುವುದು, ಹಗ್ಗದ ಮೇಲೆ ಮರೆತು ಒಣಹಾಕಿದ್ದು. ಹಂದಿಯ ಕಥೆಯಷ್ಟು ಚೆನ್ನಾಗಿ ಬರಲಿಲ್ಲ, ಎಲ್ಲೆಲ್ಲೋ ತಡೆಯಿತು. ತಾಯಿಯ ಕಡೆಗೆ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಯಾರೋ ಫಕ್ಕನೆ ನಕ್ಕರು. ಕಾಮಣ್ಣ ನಕ್ಕದ್ದು ನೋಡಿ ಉಳಿದವರೂ ನಕ್ಕರು. ಸಾರಾಯಿ ಸೋಸಿ ಕುಡಿಯುವುದು! ಒಬ್ಬನಿಗಂತೂ ಕೆಮ್ಮು ಹತ್ತಿತು, ಅವನ ಉಗುಳಿನ ಹನಿ ಬಂದು ವೃಷಭನ ಕೈಮೇಲೆ ಬಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ನೋಡುತ್ತ ಕೂತ. ಕುರಿ ಕಾಯುವವರು, ಉಚ್ಚೆ ಹೊಯ್ದುಕೊಂಡವರು, ಅಪ್ಪನ ಮುಖಕ್ಕೆ ಉಗುಳಿದವರು ತನ್ನನ್ನು ನೋಡಿ ನಗುತ್ತಿದ್ದಾರೆ. ಇವರನ್ನು ಒಬ್ಬೊಬ್ಬರನ್ನಾಗಿ ಕೊಂದುಬಿಡಬೇಕು ಎನ್ನಿಸಿತು, ಒಂದು ಇರುವೆಯನ್ನೂ ತುಳಿಯದೆ ಬೆಳೆದವನಿಗೆ.

ಗಿರಮಲ್ಲಪ್ಪ ಮಾತ್ರ ನಕ್ಕಿರಲಿಲ್ಲ. ಆ ಬಟ್ಟೆಯಲ್ಲಿ ಏನು ಸಿಗುತ್ತಿತ್ತು ಎಂದು ಕೇಳಿದ, ಗೇಲಿಯಿಲ್ಲದೆ, ತಿಳಿಯಬೇಕೆಂದೇ. ಇರುವೆ, ನೊಣ, ಒಮ್ಮೊಮ್ಮೆ ಬೆಲ್ಲದ ಹುಳ ಎಂದ ವೃಷಭ. ಜೀವಂತ ಇರುತ್ತಿದ್ದುವೇನು ಎಂದ ಗಿರಮಲ್ಲಪ್ಪ. ಇಲ್ಲ, ಒಂದೂ ಇರುತ್ತಿರಲಿಲ್ಲ ಎಂದ. ಇಷ್ಟು ವರ್ಷ ಈ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಸತ್ತ ಇರುವೆಗಳನ್ನು ಉಳಿಸಲು ಬಟ್ಟೆ ಹಿಡಿದು ಕೂಡುತ್ತಿದ್ದ. ಆಮೇಲೆ ತಾಯಿ ಬಚ್ಚಲಲ್ಲಿ ಕೂತು ಕಕ್ಕಿದ್ದನ್ನು ಹೇಳಿದ, ತಾನು ಗೊರಕೆ ಹೊಡೆದದ್ದನ್ನೂ ಹೇಳಿದ. ಈಗ ಯಾರೂ ನಗಲಿಲ್ಲ. ಯಾರೂ ತಲೆ ಅಲ್ಲಾಡಿಸಲೂ ಇಲ್ಲ. ಹೊಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾತು ಮುಗಿದವನಿಗೆ ನೀರು ಕೊಡುವುದು ರೂಢಿ. ಬಾಗಿಲ ಬಳಿಯ ನೀರಿನ ಹರಿವಿಯಿಂದ ತುಂಬಿದ ಹಿತ್ತಾಳೆ ತಂಬಿಗೆ ಗಿರಮಲ್ಲಪ್ಪನಿಂದ ಹೊರಟು ಕೈಯಿಂದ ಕೈಗೆ ಬಂತು. ಕಚ್ಚಿ ಕುಡಿಯುವ ಜನ; ಬರುವ ದಾರಿಯಲ್ಲಿ ಒಬ್ಬಿಬ್ಬರು ಬಾಯಿ ಹಚ್ಚಿ ಒಂದೊಂದು ಗುಟುಕು ಕುಡಿದೇ ಮುಂದೆ ದಾಟಿಸಿದರು. ಕಾಮಣ್ಣ ಕುಡಿದು, ಅಂಚನ್ನು ಅಂಗೈಯಿಂದ ಒರೆಸಿ, ಒರೆಸಿದ್ದರಿಂದ ಇನ್ನಷ್ಟು ಹೊಲಸು ಮಾಡಿ, ವೃಷಭನ ಕೈಗೆ ಕೊಟ್ಟ. ನೀರಿನಲ್ಲಿ ಒಂದು ಸಣ್ಣ ಕೆಂಪು ಹುಳ ಕೊಂಕುತ್ತ ಮೇಲೆ ಬಂತು, ಕೆಳಗೆ ಹೋಯಿತು. ಇದಕ್ಕೆ ಜೀವ ಇತ್ತು. ವೃಷಭನಿಗೆ ಅದು ಕಾಣಿಸಿತು. ಕಾಣಿಸಲಿಲ್ಲವೆಂದು ಹೇಳಿಕೊಳ್ಳಲು ದಾರಿಯಿರಲಿಲ್ಲ. ಬೆರಳಿನಿಂದ ಅದನ್ನು ತೆಗೆದು ನೆಲದ ಮೇಲೆ ಬಿಟ್ಟರೆ ಸಾಯುತ್ತದೆ. ಕುಡಿಯದೆ ತಂಬಿಗೆ ಕೆಳಗಿಟ್ಟರೆ ತಾನು ಇವರ ನಡುವಿನಿಂದ ಏಳಬೇಕಾಗುತ್ತದೆ, ಎದ್ದರೆ ಬೀದಿ, ಬೀದಿಯ ತುದಿಗೆ ಹಳ್ಳ. ಇದು ಅವನಿಗೆ ತಂಬಿಗೆಯ ತಂಪಿನಷ್ಟೇ ಖಚಿತವಾಗಿ ತಿಳಿಯಿತು. ಅಂಚಿಗೆ ತುಟಿ ಹಚ್ಚಿದ. ಉಳ್ಳಾಗಡ್ಡಿ, ತಂಬಾಕು, ಹಿತ್ತಾಳೆ. ಕುಡಿದ. ಬಾಯಲ್ಲಿ ನಿಂತದ್ದನ್ನು ಹಲ್ಲು ಕಚ್ಚಿ ನುಂಗಿದ. ಕಾಮಣ್ಣ ಅವನ ಮೊಣಕಾಲಿನ ಮೇಲೆ ಕೈಯಿಟ್ಟ, ಇಟ್ಟುಕೊಂಡೇ ಕೂತ.

ರಬಕವಿಗೆ ನಡೆದು ಬರುವಾಗ ಅವನಿಗೆ ಒಂದೇ ಅವಸರ. ಹೊತ್ತು ಮುಳುಗಿದ ಮೇಲೆ ತಾಯಿ ಅನ್ನವಿರಲಿ, ಒಂದು ಹನಿ ನೀರೂ ಬಾಯಿಗೆ ಹಾಕುವವಳಲ್ಲ. ಮುಳುಗಿದರೆ ಮರುದಿನದವರೆಗೆ ಅವಳ ಮುಂದೆ ನೀರು ಹಿಡಿಯುವ ಹಾಗಿಲ್ಲ. ಅಂಗಡಿ ಹೊಕ್ಕು ಹೊಸ ಮಾದರಪಾಟ ಬಟ್ಟೆ ಹರಿದುಕೊಂಡ. ಹಿತ್ತಿಲ ಬಾವಿಯಲ್ಲಿ ತೋಳು ತಿಕ್ಕಿ ತೊಳೆದು, ನೀರು ಸೇದಿ, ಎರಡು ಪದರು ಮಾಡಿ ಗಾಳಿಸಿ, ತೊಳೆದ ತಂಬಿಗೆ ತುಂಬಿಸಿ, ಪಡಸಾಲೆಗೆ ತಂದ. ತಾಯಿ ಬಸದಿಯ ನೀರು ತಂದು ಆಗಷ್ಟೇ ಇಳಿಸಿದ್ದಳು. ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು. ಕುಡಿಯಲೆಂದು ತಂಬಿಗೆ ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿದ್ದಳು, ದಮ್ಮು ಇಳಿಯಲೆಂದು ಕಾಯುತ್ತಿದ್ದಳು. ಕೊಡದಲ್ಲಿ ಅಡುಗೆಗೆ ಬೇಕಾದಷ್ಟೂ ಇರಲಿಲ್ಲ. ಅರ್ಧ ದಾರಿಯಲ್ಲೇ ತುಳುಕಿ ಹೋಗಿತ್ತು. ಅವನು ತನ್ನ ತಂಬಿಗೆಯನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ.

ಅವಳು ತಂಬಿಗೆ ನೋಡಲಿಲ್ಲ, ಮುಖ ನೋಡಿದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಮಾತು ಬಿಟ್ಟು ತಿಂಗಳುಗಳಾದ ಮೇಲೆ ಅವಳು ಅವನನ್ನು ಕೇಳಿದ ಮೊದಲ ಮಾತು. ಅವನು ಹೇಳಿದ: ಗಿರಮಲ್ಲಪ್ಪನ ಮನೆ, ಮಂಡಳಿ, ಬಾಯಿ ಮೂಸುವುದು, ಇವತ್ತು ತಾನು ಎಲ್ಲವನ್ನೂ ಹೇಳಿಬಿಟ್ಟದ್ದು. ಹಳ್ಳಕ್ಕೆ ಹೋಗಿ ಬಹಳ ದಿನವಾಯಿತು ಎಂದ. ಅವಳು ಕೇಳುತ್ತ ಕೇಳುತ್ತ ಅವನ ಕೈಯಲ್ಲಿದ್ದ ತಂಬಿಗೆಯ ಕಡೆ ಕಣ್ಣು ತಂದಳು. ಹೊಸ ಬಟ್ಟೆಯ ತುದಿ ಇನ್ನೂ ತಂಬಿಗೆಯ ಕೊರಳಿಗೆ ಇತ್ತು. ಕೈ ಎತ್ತಿದಳು. ಬೆರಳು ತಂಬಿಗೆಯ ಹತ್ತಿರ ಬಂದು ನಿಂತವು.

“ಅವರ ಮನ್ಯಾಗ ನೀರು ಕುಡದಿ ಏನು?”

ಇಲ್ಲವೆನ್ನಲು ಅರೆಗಳಿಗೆಯೂ ಬೇಕಿರಲಿಲ್ಲ. ನಾಲಗೆಗೆ ರೂಢಿಯಿತ್ತು, ಎಂಟು ವರ್ಷ ಈ ಪಡಸಾಲೆಯಲ್ಲೇ ನಿಂತು ಇಲ್ಲ ಎಂದಿದ್ದ. ಇಲ್ಲ ಎಂದರೆ ಅವಳು ಕುಡಿಯುತ್ತಾಳೆ.

“ಕುಡದೆ,” ಎಂದ.

“ಗಾಳಿಸಿದ್ದರೇನು?”

“ಇಲ್ಲವ್ವಾ. ಹುಳ ಇತ್ತು. ನೋಡೇ ಕುಡದೆ.”

ಅವಳ ಕೈ ಹಿಂದಕ್ಕೆ ಹೋಯಿತು. ಮುಖದಲ್ಲಿ ಅದೇ, ಬಚ್ಚಲ ಬಾಗಿಲಲ್ಲಿ ಬಟ್ಟೆ ಹಿಡಿದಾಗ ಇದ್ದದ್ದೇ ಬಂತು. ತುಟಿ ಒಳಗೆ ಸರಿದವು, ಮೂಗು ಮುದುಡಿತು. ವೃಷಭ ತಂಬಿಗೆಯನ್ನು ನೆಲಕ್ಕಿಟ್ಟ. ಗಂಟಲು ಸಾರಾಯಿ ಕೇಳುತ್ತಿತ್ತು. ಜೀವಮಾನವೆಲ್ಲ ಗಾಳಿಸಿ ಗಾಳಿಸಿ ಈ ಹೆಂಗಸು ಕೊನೆಗೆ ಉಳಿದ ಮಗನನ್ನೂ ಬಟ್ಟೆಯಲ್ಲಿ ಹಿಡಿದು ಆಚೆಗೆ ಎಸೆಯುತ್ತಿದ್ದಾಳೆ ಎಂದು ಅವಳ ಮೇಲೆಯೂ ಹೇಸಿಕೆ ಬಂತು, ಮೊದಲ ಸಲ. ತಿರುಗಿ ಹೊಸ್ತಿಲ ಕಡೆ ಹೆಜ್ಜೆ ಹಾಕಿದ.

ಬೊಗಸೆ ಹಿಡಿ ಎಂದು ಹಿಂದಿನಿಂದ ಕೇಳಿಸಿತು. ಅವನಿಗೆ ಅರ್ಥವಾಗಲಿಲ್ಲ. ತಾಯಿ ಕಂಬ ಹಿಡಿದು ಎದ್ದು, ತಾನು ಕುಡಿಯಲಿಟ್ಟುಕೊಂಡಿದ್ದ ತಂಬಿಗೆ ಎತ್ತಿಕೊಂಡು ಬಂದಿದ್ದಳು. ಹೊಲದಲ್ಲಿ ಆಳುಗಳಿಗೆ ಹೊಯ್ಯುವ ಹಾಗೆ, ದಾರಿಹೋಕರಿಗೆ ಹೊಯ್ಯುವ ಹಾಗೆ, ಎಲ್ಲಿಯೂ ತಾಗದಂತೆ ತೋಳು ಚಾಚಿ ತಂಬಿಗೆಯನ್ನು ಮೇಲಕ್ಕೆ ಹಿಡಿದಿದ್ದಳು. ಸ್ವಂತ ಮನೆಯ ಹೊಸ್ತಿಲಲ್ಲಿ ಅವನು ಬಗ್ಗಿದ, ಬೊಗಸೆಯನ್ನು ಬಾಯಿಗೆ ಒಡ್ಡಿದ. ನೀರು ಬಿತ್ತು. ಅರ್ಧ ಬಾಯಿಗೆ, ಅರ್ಧ ಮೊಳಕೈಯಿಂದ ಇಳಿದು ಅಂಗಿಯೊಳಗೆ. ಬೀದಿಯಲ್ಲಿ ಹೋಗುವವರು ಯಾರೋ ನಿಂತು ನೋಡಿದರು. ನೋಡಲಿ ಎಂದು ಅವನಿಗೆ ಎನ್ನಿಸಲಿಲ್ಲ, ನಾಚಿಕೆಯಿಂದ ಕಿವಿ ಸುಟ್ಟವು, ಆದರೂ ಬೊಗಸೆ ಬಿಡಲಿಲ್ಲ. ತಂಬಿಗೆ ಅರ್ಧಕ್ಕೆ ಬಂದಿತ್ತು. ಎದುರಿನ ಮನೆಯ ಮಾಳಿಗೆಯ ಮೇಲೆ ಬಿಸಿಲು ಒಂದು ಗೆರೆಯಷ್ಟು ಉಳಿದಿತ್ತು. ಅವಳು ಇನ್ನೂ ಕುಡಿದಿರಲಿಲ್ಲ. ಸಾಕು, ಉಳಿದದ್ದು ನಿನಗೆ ಎಂದು ಹೇಳಲು ಅವನು ಬೊಗಸೆಯಿಂದ ಬಾಯಿ ತೆಗೆದ.

“ಮಾತಾಡಬ್ಯಾಡ,” ಎಂದಳು ಬಾಳವ್ವ, ತಂಬಿಗೆಯನ್ನು ಇನ್ನಷ್ಟು ಬಗ್ಗಿಸುತ್ತ. “ಹೊತ್ತು ಮುಣಗಾಕತ್ತೈತಿ. ಲಗೂ ಕುಡಿ.”